ಶ್ರೀಶೈಲ ಪಾದಯಾತ್ರೆ: ರೊಕ್ಕ ಸೊಂಟದ ಚೀಲದಲ್ಲೋ, ಒಳಗಿನ ಕಿಸೆಯಲ್ಲೋ?

ಯುಗಾದಿಗೆ ಬಾಗಲಕೋಟೆ ಕಡೆಯಿಂದ ಶ್ರೀಶೈಲಕ್ಕೆ ನಡೆಯುವವರಿಗೆ ದಾರಿಯಲ್ಲಿ ದಾಸೋಹ ಸಿಗುತ್ತದೆ, ಹಾಗಾಗಿ ರೊಕ್ಕ ಜಾಸ್ತಿ ಬೇಕಿಲ್ಲ. ಇರುವಷ್ಟನ್ನು ಎಲ್ಲಿಡೋದು?

ಸೊಂಟದ ಚೀಲ ಕೈಗೆ ಬೇಗ ಸಿಗುತ್ತದೆ. ಚಹಾ, ಎಳನೀರಿಗೆ ಅದೇ ಸರಿ. ಆದರೆ ದುಡ್ಡು ಅಲ್ಲೇ ಇದೆ ಅಂತ ನೋಡಿದವರಿಗೆಲ್ಲ ಗೊತ್ತು, ರಾತ್ರಿ ಗುಡಿ ಅಂಗಳದಲ್ಲಿ ಸಾಲಾಗಿ ಮಲಗುವಾಗ ಬಿಚ್ಚಿ ತಲೆ ಪಕ್ಕ ಇಟ್ಟರೆ ಬೆಳಿಗ್ಗೆ ಅಲ್ಲೇ ಇರುತ್ತದೆ ಅನ್ನೋ ಗ್ಯಾರಂಟಿ ಇಲ್ಲ.

ಬನಿಯನ್‌ಗೆ ಹೊಲಿಸಿದ ಕಿಸೆ ಯಾರ ಕಣ್ಣಿಗೂ ಬೀಳಲ್ಲ, ಮಲಗಿದಾಗಲೂ ಮೈಮೇಲೇ ಇರುತ್ತದೆ. ಬೆವರಿಗೆ ನೋಟು ತೊಯ್ಯುತ್ತದೆ, ಪ್ಲಾಸ್ಟಿಕ್ ಕವರ್ ಸುತ್ತಿ. ಸ್ನಾನಕ್ಕೆ ಇಳಿದಾಗ ಮಾತ್ರ ಕಷ್ಟ, ಬಟ್ಟೆ ದಂಡೆ ಮೇಲಿರುತ್ತದೆ ಅಲ್ವಾ, ಜೊತೆಗಾರರು ಪಾಳಿ ಪ್ರಕಾರ ಕಾಯಬೇಕು.

ಫೋನ್‌ಪೇ ಇದೆಯಲ್ಲ ಅಂತೀರಾ? ನಲ್ಲಮಲ ಕಾಡಿನಲ್ಲಿ ನೆಟ್‌ವರ್ಕ್ ನಂಬಬೇಡಿ. ಚಾರ್ಜಿಗೆ ಹಾಕಿ ಮಲಗಿದರೆ ಫೋನೇ ಹೋದೀತು, ಪವರ್ ಬ್ಯಾಂಕ್ ಒಯ್ಯಿರಿ. *#06# ಒತ್ತಿದರೆ ಬರುವ ಐಎಂಇಐ ನಂಬರ್ (ಫೋನಿನ ಗುರುತಿನ ಸಂಖ್ಯೆ) ಮನೆಯಲ್ಲಿ ಬರೆದಿಡಿ, ಕಳೆದರೆ ಪೊಲೀಸ್ ದೂರು ಕೊಟ್ಟು ಸರ್ಕಾರದ ಸಂಚಾರ್ ಸಾಥಿ ವೆಬ್‌ಸೈಟಿನಲ್ಲಿ ಫೋನ್ ಬ್ಲಾಕ್ ಮಾಡಬಹುದು.

ನನ್ನ ಪ್ರಕಾರ ದೊಡ್ಡ ನೋಟು ಒಳಗಿನ ಕಿಸೆಗೆ, ಆ ದಿನದ ಚಿಲ್ಲರೆ ಸೊಂಟಕ್ಕೆ. ಗುಂಪಿನ ಜೊತೆ ಗಾಡಿ ಬರುತ್ತಿದ್ದರೆ ಬಟ್ಟೆ ಚೀಲ ಅದರಲ್ಲಿ ಹಾಕಿ, ರೊಕ್ಕ ಮಾತ್ರ ಬೇಡ.