ಸೋಶಿಯಲ್ ಸೈಟಿನ ಇಮೇಲ್ ಎರಡು ವರ್ಷ ಬಳಸಿದ ಅನುಭವ: ಪ್ರೆಸ್ ನಡಸಾವ್ರು ಒಮ್ಮೆ ಓದ್ರಿ

ನಾ ಗದಗದಾಗ ಒಂದು ಸಣ್ಣ ಆಫ್‌ಸೆಟ್ ಪ್ರೆಸ್ ಇಟ್ಕೊಂಡೀನ್ರಿ. ಲಗ್ನಪತ್ರಿಕಿ, ಬಿಲ್ ಬುಕ್, ಜಾತ್ರಿ ಹ್ಯಾಂಡ್‌ಬಿಲ್, ಇದ ನಮ್ಮ ಹೊಟ್ಟಿಪಾಡು. ಹೋದ ವಾರ ನಮ್ಮ ಅಕ್ಕನ ಮಗ ಬಂದಿದ್ದ, ಹುಬ್ಬಳ್ಳ್ಯಾಗ ಹೊಸದಾಗಿ ಸ್ಕ್ರೀನ್ ಪ್ರಿಂಟಿಂಗ್ ಹಾಕ್ಯಾನ, "ಮಾಮಾ, ಗಿರಾಕಿ ಎಲ್ಲಾರೂ ಸೋಶಿಯಲ್ ಮೀಡಿಯಾದಾಗ ಇರ್ತಾರ, ಅಲ್ಲೇ ಒಂದು ಮೇಲ್ ಐಡಿನೂ ಕೊಟ್ರ ಎಷ್ಟು ಛಲೋ ಅಲ್ಲ, ಇನ್ನೊಂದು ಯಾಕ ಬೇಕು" ಅಂದ. ನಾ ಒಂದು ಕಾಲಕ್ಕ ಹಂಗ ಮಾಡಿ ನೋಡೀನಿ. ಅವನಿಗೆ ಹೇಳಿದ್ದನ್ನ ಇಲ್ಲೂ ಬರಿತೀನಿ. ಯಾವ ಸೈಟು ಅಂತ ಹೆಸರು ಹಾಕಂಗಿಲ್ಲ, ಕಂಪನಿ ಮ್ಯಾಲ ಸಿಟ್ಟು ತೀರಿಸ್ಕೊಳ್ಳಾಕ ಬರಿಯಾಕತ್ತಿಲ್ಲ.

ಮೊದಲ ನಮ್ಮ ದಿನದ ಪದ್ಧತಿ ಹೇಳ್ತೀನಿ. ಮುಂಜಾನಿ ಆರೂವರಿಗೆ ಶಟರ್ ಎತ್ತಿ, ಮಷಿನ್ನಿಗೆ ಊದಿನಕಡ್ಡಿ ಬೆಳಗಿ, ಬಾಜೂ ಹೋಟೆಲಿನ ಹುಡುಗ ಚಾ ತಂದಿಡೂದ್ರಾಗ ಕಂಪ್ಯೂಟರ್ ಚಾಲೂ ಆಗಿರ್ತೈತಿ. ಚಾ ಕುಡ್ಕೋತ ಸಬ್ಜೆಕ್ಟ್ ಲೈನ್ ಅಷ್ಟ ಓದ್ಕೋತ ಹೋಗ್ತೀನಿ, ಮೇಲ್ ತಗ್ಯಂಗಿಲ್ಲ. "ಪ್ರೂಫ್ 2 ತಿದ್ದುಪಡಿ", "ಸೋದರಮಾವನ ಹೆಸರು ಬಿಟ್ಟೈತಿ", "ಓಕೆ ಪ್ರಿಂಟ್ ಮಾಡ್ರಿ". ಪ್ರೂಫ್ ಅಂದ್ರ ಗಿರಾಕಿ ತಪ್ಪು ನೋಡಾಕ ಕಳಸೂ ಮಾದರಿ. ಪ್ಲೇಟಿಗೆ (ಛಾಪಿಸೂ ಅಚ್ಚಿಗೆ) ಹೋದದ್ದಕ್ಕ ಹಸರು ಲೇಬಲ್, ರೊಕ್ಕ ಬಾಕಿ ಇದ್ದದ್ದಕ್ಕ ಕೆಂಪು. "ಓಕೆ ಪ್ರಿಂಟ್" ಅಂತ ಗಿರಾಕಿ ಕೈಯಿಂದ ಬರೂತನ ಪ್ಲೇಟ್ ಮಾಡಸಂಗಿಲ್ಲ. ಚಾ ಮುಗಿಯೂದ್ರಾಗ ಇವತ್ತಿನ ಕೆಲಸ ಎಷ್ಟು ಅಂತ ತಲ್ಯಾಗ ಕುಂತಿರ್ತೈತಿ. ನನಗ ಇಡೀ ದಿನದಾಗ ಭಾಳ ಸೇರೂದು ಈ ಹದಿನೈದ್ ನಿಮಿಷ.

ಸೋಶಿಯಲ್ ಮೇಲಿನಾಗ ಇದ ಕೆಟ್ಟುಹೋತು ನೋಡ್ರಿ. ಅಲ್ಲಿ ಗಿರಾಕಿ ಹೆಸರಿನ ಮ್ಯಾಲ ಎಲ್ಲಾ ಒಂದ ಉದ್ದ ಮಾತುಕತಿ ಆಗಿಬಿಡ್ತೈತಿ, ನಡುವ ಹಬ್ಬದ ಶುಭಾಶಯದ ಫೋಟೋ, ಅದರ ಕೆಳಗ ಪ್ರೂಫ್, ಅದರ ಕೆಳಗ "ಊಟ ಆತೇನ್ರಿ". ಯಾವ ಪ್ರೂಫು ಕಡೀದು ಅಂತ ಹುಡುಕೂದ್ರಾಗ ಚಾ ಆರಿ ಹೋಗ್ತಿತ್ತು. ಇದು ಒಬ್ಬರ ಯೋಚನಿ ಅಲ್ಲ ಮತ್ತ. 2010ರ ನವೆಂಬರ್ 15ಕ್ಕ ಫೇಸ್‌ಬುಕ್ ತನ್ನ ಮೆಸೇಜಿಗೆ ಮೇಲ್ ವಿಳಾಸ ಕೂಡಿಸಿದಾಗ ಅದರ ಮುಖ್ಯಸ್ಥ ಝುಕರ್‌ಬರ್ಗ್ ಅವ್ರೇ ಇದು ಇಮೇಲ್ ಅಲ್ಲ ಅಂದಿದ್ರು, ಸಬ್ಜೆಕ್ಟ್ ಇಲ್ಲ, ಇನ್ನೊಬ್ಬರಿಗೆ ನಕಲು ಕಳಸೂ ಸಿಸಿ ಇಲ್ಲ, ಬಿಸಿಸಿ ಇಲ್ಲ, ಹುಡುಗ್ರಿಗೆ ಮೇಲ್ ಅಂದ್ರ ನಿಧಾನ ಅನಸ್ತೈತಿ ಅಂತ ಬೇಕಂತಲೇ ತಗದಿದ್ರು. ಹುಡುಗ್ರ ಹರಟಿಗೆ ಅದು ಬರೋಬ್ಬರಿ ಇರಬಹುದು. ಲಗ್ನಪತ್ರಿಕಿ ಮಾಡಾವನಿಗೆ ಸಬ್ಜೆಕ್ಟ್ ಲೈನ್ ಅಂದ್ರ ಅರ್ಧ ಕೆಲಸ.

ಆದ್ರೂ ಅದರಾಗಿನ ಒಂದು ಛಲೋ ಗುಣ ಹೇಳಲಿಲ್ಲಂದ್ರ ತಪ್ಪಾಗ್ತೈತಿ. ಮುಂಡರಗಿ, ರೋಣದ ಕಡೆ ಹಳ್ಳಿ ಗಿರಾಕಿಗಳು, ಮೇಲ್ ಅಂದ್ರ ಸೈಬರ್ ಕೆಫೆಗೆ ಹೋಗಿ ಯಾರಿಗಾದ್ರೂ ಹಚ್ಚಿ ಕಳಸೂದು ಅಂತಿದ್ದಾವ್ರು, ಈ ಸೈಟಿನಾಗ ತಾವ ಫೋಟೋ ಕಳಸಾಕ ಶುರು ಮಾಡಿದ್ರು. ಒಬ್ಬ ಅಜ್ಜ ತನ್ನ ಮನೆದೇವ್ರ ಫೋಟೋ ತಾನ ತಗದು ಕಳಸಿದ್ದ, ಪತ್ರಿಕಿ ಮ್ಯಾಲ ಅದನ್ನ ಹಾಕಬೇಕಂತ. ನುಡಿ ಫಾಂಟಿನಾಗ ಟೈಪ್ ಮಾಡಿದ್ದನ್ನ ಮೇಲಿಗೆ ಅಂಟಿಸಿದ್ರ ಇಂಗ್ಲಿಷ್ ಅಕ್ಷರದ ಕಿಚಡಿ ಆಗ್ತಿದ್ದ ಕಾಲ ಅದು, ಅವ್ರೆಲ್ಲಾ ಕೈಲೆ ಬರದ ಹಾಳಿ ಫೋಟೋ ಹೊಡದು ಕಳಸೂದ ನಮಗೂ ಹಗುರ ಆಗಿತ್ತು. ಆ ಎರಡು ವರ್ಷ ನಾ ಅಲ್ಲೇ ಉಳದದ್ದು ಈ ಜನರ ಸಲುವಾಗಿ.

ಆಮ್ಯಾಲ ಒಂದು ದಿನ ಮುಂಜಾನಿ ತಗದ್ರ ಪ್ರೊಫೈಲ್ ಲಾಕ್. ಪ್ರೆಸ್ಸಿನ ಹೆಸರಿನ್ಯಾಗ ಪ್ರೊಫೈಲ್ ಮಾಡಿದ್ದೆ, ಮನಶಾನ ಖರೇ ಹೆಸರು ಬೇಕು, ಗುರುತಿನ ಚೀಟಿ ಕಳಸ್ರಿ ಅಂದ್ರು. ಪ್ರೊಫೈಲ್ ಲಾಕ್ ಆದ್ರ ಆಗ್ಲಿ, ಅದರ ಕೂಡ ಮೇಲೂ ಬಂದ್ ಆತು. ಹತ್ತೊಂಬತ್ತು ದಿನ. ಲಗ್ನದ ಸೀಜನ್ನು. ನೆನಪಿದ್ದ ಗಿರಾಕಿಗೆಲ್ಲಾ ಫೋನ್ ಹಚ್ಚಿದೆ, ಆದ್ರ ಒಬ್ಬ ಹಿರ್ಯಾರದ್ದು ಪ್ರೂಫ್ ಮೊದಲ ಓಕೆ ಆಗಿತ್ತು, ಅವ್ರಿಗೆ ಯಾಕ ಅಂತ ಬಿಟ್ಟೆ. ಅವ್ರು ಆ ದಿನಗಳಾಗ ಮುಹೂರ್ತ ಬದಲಾಗೇತಿ ಅಂತ ಬರದಿದ್ರು. ನಾನು ಹಳೇ ವ್ಯಾಳ್ಯಾ ಇಟ್ಟು 500 ಪತ್ರಿಕಿ ಹೊಡದು ಕಟ್ಟಿ ಕೊಟ್ಟೆ. ನನ್ನ ರೊಕ್ಕದಾಗ ರಾತ್ರೋರಾತ್ರಿ ಮತ್ತ ಹೊಡದು ಕೊಟ್ಟೆ ಖರೆ, ಆದ್ರ ಅಷ್ಟೊತ್ತಿಗೆ ಬೀಗರ ಮನಿಗೆ ತಪ್ಪು ಪತ್ರಿಕಿ ಹೋಗಿದ್ವು. ಆ ಹಿರ್ಯಾರು ಒಂದ್ ಮಾತು ಬೈಲಿಲ್ರಿ. ಬೈದಿದ್ರ ಇಷ್ಟು ಹತ್ತತಿದ್ದಿಲ್ಲ. ಲಾಕ್ ತಗದ ದಿನ ನೋಡಿದ್ರ ಅವ್ರ ಮೇಲ್ ಅಲ್ಲೇ ಕುಂತಿತ್ತು, "ಸ್ವಲ್ಪ ತ್ರಾಸ ಕೊಡಾಕತ್ತೀನಿ" ಅಂತ ಮೊದಲನೇ ಸಾಲು.

ಅವತ್ತ ನನಗ ತಿಳದದ್ದು ಇಷ್ಟ. ಹರಟಿ ಹೊಡಿಯೂ ಜಾಗದ ಕಾನೂನು ಟಪಾಲಿಗೂ ಹತ್ತಬಾರದು. ಎಷ್ಟೋ ಸೈಟುಗಳ ಪಾಸ್‌ವರ್ಡ್ ಮರತ್ರ ಲಿಂಕ್ ಬರೂದು ಮೇಲಿಗೇ. ಸೈಟುಗಳ ಆಯುಷ್ಯನೂ ಹೇಳಾಕ ಬರಂಗಿಲ್ಲ, ನಾವೆಲ್ಲಾ ದಿನಾ ಸ್ಕ್ರ್ಯಾಪ್ (ಸಣ್ಣ ಸಂದೇಶ) ಬರಿತಿದ್ದ ಆರ್ಕುಟ್ ಸೈಟು 2014ರ ಸೆಪ್ಟೆಂಬರ್ 30ಕ್ಕ ಮುಚ್ಚಿತು. ಫೇಸ್‌ಬುಕ್ 2012ರ ಜೂನಿನ್ಯಾಗ ಜನರನ್ನ ಕೇಳದ ಪ್ರೊಫೈಲಿನ ಮ್ಯಾಲ ತನ್ನ ಮೇಲ್ ವಿಳಾಸ ತೋರಸಿದ್ದಕ್ಕ ಜನ ಸಿಟ್ಟಾದ್ರು, 2014ರ ಫೆಬ್ರವರಿದಾಗ ಭಾಳ ಮಂದಿ ಬಳಸವಲ್ರು ಅಂತ ಆ ಸೇವಾ ತಗದ ಬಿಟ್ರು. ಮೇಲ್ ಕಂಪನಿ ಸೋಶಿಯಲ್ ಆಗಾಕ ಹೋದ್ರೂ ಅದ ಹಣೆಬರ, 2010ರಾಗ ಜಿಮೇಲಿನೊಳಗ ಗೂಗಲ್ ಬಜ್ ಅನ್ನೂ ಸೋಶಿಯಲ್ ಸೇವಾ ಬಂದಾಗ ಯಾರಿಗೆ ಹೆಚ್ಚು ಮೇಲ್ ಬರಿತೀವಿ ಅನ್ನೂದು ಪ್ರೊಫೈಲಿನ್ಯಾಗ ಮಂದಿಗೆ ಕಾಣಾಕತ್ತಿತ್ತು, ಗದ್ದಲ ಆಗಿ ಮರುವರ್ಷ ಮುಚ್ಚಿದ್ರು.

ಈಗ ನನ್ನ ವ್ಯವಸ್ಥಾ ಹಿಂಗೈತಿ. ಪ್ರೆಸ್ಸಿನ ಹೆಸರಿಲೆ ಸ್ವಂತ ಡೊಮೇನ್, ಅಂದ್ರ ಮೇಲ್ ವಿಳಾಸದಾಗ @ ಆದಮ್ಯಾಲ ಬರೂ ಹೆಸರು, ತಗೊಂಡೀನಿ, ವರ್ಷಕ್ಕ ಸಾವಿರ ರೂಪಾಯಿ ಆಜೂಬಾಜು, ಎರಡು ರೀಮ್ ಛಲೋ ಹಾಳಿ ರೊಕ್ಕನೂ ಅಲ್ಲ. ಆ ವಿಳಾಸಕ್ಕ ಬಂದದ್ದು ಜಿಮೇಲಿಗೆ ಬಂದು ಬೀಳ್ತೈತಿ. ನಾಳೆ ಜಿಮೇಲ್ ಬ್ಯಾಡ ಅನಿಸಿದ್ರ ಬ್ಯಾರೆ ಕಡೆ ತಿರುಗಿಸ್ತೀನಿ, ಬೋರ್ಡಿನ ಮ್ಯಾಲಿನ ವಿಳಾಸ ಅದ ಇರ್ತೈತಿ. ಸೋಶಿಯಲ್ ಸೈಟಿನಾಗೂ ಇದ್ದೀನಿ, ಡಿಸೈನ್ ತೋರಸಾಕ. ಅಲ್ಲಿಂದ ಪ್ರೂಫ್ ಬಂದ್ರ "ಮೇಲಿಗೆ ಹಾಕ್ರಿ ಅಣ್ಣಾರ" ಅಂತ ಬರದುಬಿಡ್ತೀನಿ, ಮೇಲ್ ಬರಲಾರದ ಹಳ್ಳಿ ಮಂದಿದು ನಾನ ನನ್ನ ಮೇಲಿಗೆ ಹಾಕ್ಕೊಂಡು ಸಬ್ಜೆಕ್ಟ್ ಬರೀತೀನಿ.

ಸೋಶಿಯಲ್ ಮೇಲಿಗೆ ಐದಕ್ಕ ಎರಡು ಸ್ಟಾರ್, ಆ ಎರಡೂ ಅಜ್ಜನ ಮನೆದೇವ್ರ ಫೋಟೋದ ಸಲುವಾಗಿ.

ಹೋದ ವರ್ಷ ಆ ಹಿರ್ಯಾರು ಸಣ್ಣ ಮಗಳ ಲಗ್ನಕ್ಕ ಮತ್ತ ನಮ್ಮ ಪ್ರೆಸ್ಸಿಗೇ ಬಂದ್ರು. ಪ್ಲೇಟಿಗೆ ಕೊಡೂ ಹಿಂದಿನ ರಾತ್ರಿ ಮೇಲ್ ಬಂತು, ಸಬ್ಜೆಕ್ಟ್ ಲೈನಿನ್ಯಾಗ "ಮುಹೂರ್ತ ಅದ ಐತಿ, ಬದಲಿಲ್ಲ" ಅಂತ ಬರದಿದ್ರು. ಒಳಗ ಏನೂ ಇದ್ದಿಲ್ಲ.