ರಿಗೋಲ್ ಡಿಎಸ್1054ಝಡ್: ನಾಲ್ಕು ಚಾನೆಲ್, ಒಂದೇ ಅರ್ಥ್

ಹುಬ್ಬಳ್ಳಿಯ ಗೋಕುಲ ರಸ್ತೆ ಹಾಗೂ ತಾರಿಹಾಳದ ಕಾರ್ಖಾನೆಗಳಿಂದ ದುರಸ್ತಿಗೆ ಬರುವ ವಿಎಫ್‌ಡಿ ಡ್ರೈವ್‌ಗಳನ್ನು (ಮೋಟಾರಿನ ವೇಗ ನಿಯಂತ್ರಿಸುವ ಯಂತ್ರಗಳು) ಬಿಚ್ಚಿ ನೋಡುವವರಿಗೆ ಎರಡು ಚಾನೆಲ್‌ನ ಆಸಿಲ್ಲೋಸ್ಕೋಪ್ (ವಿದ್ಯುತ್ ಸಿಗ್ನಲ್‌ಗಳನ್ನು ಪರದೆಯ ಮೇಲೆ ಗೆರೆಯಾಗಿ ತೋರಿಸುವ ಉಪಕರಣ) ಸಾಲುವುದಿಲ್ಲ. ಮೂರು ಫೇಸ್‌ಗಳ ಗೇಟ್ ಪಲ್ಸ್‌ಗಳನ್ನು, ಅಂದರೆ ಪವರ್ ಸ್ವಿಚ್‌ಗಳನ್ನು ಆನ್-ಆಫ್ ಮಾಡುವ ಸಿಗ್ನಲ್‌ಗಳನ್ನು, ಬಿಡಿಬಿಡಿಯಾಗಿ ನೋಡಿದರೆ ಪ್ರತಿಯೊಂದೂ ಸರಿಯಾಗಿಯೇ ಕಾಣಬಹುದು. ಒಂದು ಪಲ್ಸ್ ಆರುವ ಮೊದಲೇ ಇನ್ನೊಂದು ಏಳುತ್ತಿದೆಯೇ ಎಂಬುದು ಅವು ಒಂದೇ ಪರದೆಯಲ್ಲಿ ಬಂದಾಗ ಮಾತ್ರ ತಿಳಿಯುತ್ತದೆ. ನಮ್ಮ ವರ್ಕ್‌ಶಾಪಿನಲ್ಲಿ ರಿಗೋಲ್ ಡಿಎಸ್1054ಝಡ್ ಎಂಬ ನಾಲ್ಕು ಚಾನೆಲ್‌ನ ಸ್ಕೋಪ್ ಬಳಸುತ್ತಿರುವುದು ಇದಕ್ಕಾಗಿಯೇ.

ಇದರ ಬ್ಯಾಂಡ್‌ವಿಡ್ತ್ (ಸರಿಯಾಗಿ ತೋರಿಸಬಲ್ಲ ಆವರ್ತನದ ಮಿತಿ) 50 ಮೆಗಾಹರ್ಟ್ಸ್. ಸೆಕೆಂಡಿಗೆ 100 ಕೋಟಿ ಸ್ಯಾಂಪಲ್ ಎಂಬ ವೇಗ ದೊರೆಯುವುದು ಒಂದೇ ಚಾನೆಲ್ ಬಳಸಿದಾಗ; ನಾಲ್ಕನ್ನೂ ತೆರೆದರೆ ಪ್ರತಿ ಚಾನೆಲ್‌ಗೆ 25 ಕೋಟಿ, ಅಂದರೆ 4 ನ್ಯಾನೋಸೆಕೆಂಡಿಗೊಂದು ಬಿಂದು ಉಳಿಯುತ್ತದೆ. ಡ್ರೈವ್‌ಗಳ ಡೆಡ್ ಟೈಮ್ (ಒಂದು ಸ್ವಿಚ್ ಆರಿ ಅದರ ಜೋಡಿ ಸ್ವಿಚ್ ಏಳುವ ನಡುವಿನ ಬಿಡುವು) ಸಾಮಾನ್ಯವಾಗಿ ಮೈಕ್ರೋಸೆಕೆಂಡುಗಳಲ್ಲಿರುವುದರಿಂದ ಈ ಕೆಲಸಕ್ಕೆ ಅಷ್ಟು ಧಾರಾಳವಾಯಿತು. ನಾಲ್ಕು ಚಾನೆಲ್‌ಗಳಿಗೂ ಲಂಬ ಅಳತೆಯ ನಾಬ್‌ಗಳು ಒಂದೇ ಜೊತೆ ಇರುವುದರಿಂದ, ಮೊದಲು ಆಯಾ ಬಣ್ಣದ ಗುಂಡಿ ಒತ್ತಿ ಆಮೇಲೆ ತಿರುಗಿಸಬೇಕು. ಇದು ರೂಢಿಯಾಗುವ ತನಕ ಕೈ ತಡವರಿಸುತ್ತದೆ.

ಕೊಳ್ಳುವ ಮೊದಲು ಯೋಚಿಸಬೇಕಾದ ವಿಷಯ ಬೇರೆಯೇ ಇದೆ. ನಾಲ್ಕೂ ಪ್ರೋಬ್‌ಗಳ (ಸಿಗ್ನಲ್ ಮುಟ್ಟಿ ನೋಡುವ ಅಳತೆ ಕಡ್ಡಿಗಳ) ಗ್ರೌಂಡ್ ಕ್ಲಿಪ್‌ಗಳು ಒಳಗೆ ಒಂದಾಗಿದ್ದು, ಪ್ಲಗ್‌ನ ಮೂಲಕ ಕಟ್ಟಡದ ಅರ್ಥ್‌ಗೆ ಸೇರಿವೆ. ಈ ಬಗೆಯ ಬಹುತೇಕ ಬೆಂಚ್ ಸ್ಕೋಪ್‌ಗಳ ರಚನೆಯೇ ಹಾಗೆ. ಡ್ರೈವ್‌ನ ಮೇಲ್ಭಾಗದ ಐಜಿಬಿಟಿ ಎಂಬ ಪವರ್ ಸ್ವಿಚ್‌ನ ಎಮಿಟರ್ ತುದಿಗೆ ಒಂದು ಕ್ಲಿಪ್ ಹಚ್ಚಿದರೂ ಆ ಬಿಂದು ನೇರವಾಗಿ ಭೂಮಿಗೆ ಶಾರ್ಟ್ ಆಗುತ್ತದೆ. ಇದನ್ನು ತಪ್ಪಿಸಲು ಪ್ಲಗ್‌ನ ಅರ್ಥ್ ಪಿನ್ ಕಿತ್ತು ಕೆಲಸ ಮಾಡುವ ಪರಿಪಾಠ ಕೆಲವೆಡೆ ಇದೆ. ಆಗ ಸ್ಕೋಪ್‌ನ ಲೋಹದ ಭಾಗಗಳೇ ಕರೆಂಟ್ ಹೊಡೆಯುವಂತಾಗುತ್ತವೆ, ಆದ್ದರಿಂದ ಇದನ್ನು ಯಾವ ಕಾರಣಕ್ಕೂ ಮಾಡಬಾರದು. 415 ವೋಲ್ಟ್‌ನ ಡ್ರೈವ್‌ನಲ್ಲಿ ಡಿಸಿ ಬಸ್ (ಎಸಿಯನ್ನು ಡಿಸಿ ಮಾಡಿದ ಮೇಲಿನ ಒಳಸಾಲು) ಸುಮಾರು 585 ವೋಲ್ಟ್ ಇರುವುದರಿಂದ, ಜೊತೆಗೆ ಬರುವ ಪ್ರೋಬ್‌ಗಳನ್ನು ಅಲ್ಲಿಗೆ ಒಯ್ಯುವುದೂ ಸಲ್ಲದು.

ಕಂಟ್ರೋಲ್ ಬೋರ್ಡಿನ ಕಡಿಮೆ ವೋಲ್ಟೇಜಿನ ಸಿಗ್ನಲ್‌ಗಳಲ್ಲಿ ಎರಡು ಪ್ರೋಬ್ ಹಚ್ಚಿ, ಮ್ಯಾಥ್ ಮೆನುವಿನಲ್ಲಿ ಒಂದರಿಂದ ಇನ್ನೊಂದನ್ನು ಕಳೆದು ವ್ಯತ್ಯಾಸವನ್ನು ನೋಡಬಹುದು. ಆದರೆ ಹೀಗೆ ಮಾಡಿದಾಗ ಒಂದು ಅಳತೆಗೆ ಎರಡು ಚಾನೆಲ್ ಖರ್ಚಾಗುತ್ತವೆ, ಯಂತ್ರ ಒಂದು ಸಲಕ್ಕೆ ಒಂದೇ ಕಳೆಯುವ ಲೆಕ್ಕ ತೋರಿಸುತ್ತದೆ. ಪವರ್ ಭಾಗವನ್ನೂ ಅಳೆಯುವವರು ಕನಿಷ್ಠ ಒಂದು ಹೈ ವೋಲ್ಟೇಜ್ ಡಿಫರೆನ್ಷಿಯಲ್ ಪ್ರೋಬ್‌ನ (ಅರ್ಥ್‌ಗೆ ಕ್ಲಿಪ್ ಹಚ್ಚದೆ ಎರಡು ಬಿಂದುಗಳ ನಡುವಿನ ವೋಲ್ಟೇಜ್ ಅಳೆಯುವ ಪ್ರೋಬ್) ಬೆಲೆಯನ್ನು ಸ್ಕೋಪ್‌ನ ಬೆಲೆಯೊಂದಿಗೇ ಕೂಡಿಸಿ ಲೆಕ್ಕ ಹಾಕುವುದು ಒಳ್ಳೆಯದು.