ಲೇಓವರ್‌ನಲ್ಲಿ ಒಬ್ಬರೇ ಸುತ್ತಲು: ಫ್ರಾಂಕ್‌ಫರ್ಟೋ, ಆಮ್‌ಸ್ಟರ್‌ಡ್ಯಾಮೋ?

ಚಂದದಲ್ಲಿ ಆಮ್‌ಸ್ಟರ್‌ಡ್ಯಾಮ್‌ಗೆ ಫ್ರಾಂಕ್‌ಫರ್ಟ್ ಸಾಟಿಯಲ್ಲ, ಅದರಲ್ಲಿ ಎರಡು ಮಾತಿಲ್ಲ. ಆದರೂ ಎರಡು ವಿಮಾನಗಳ ನಡುವೆ ಏಳೆಂಟು ಗಂಟೆ ಮಾತ್ರ ಇದ್ದು, ಜೊತೆಗೆ ಯಾರೂ ಇಲ್ಲದಿದ್ದರೆ ನನ್ನ ಓಟು ಫ್ರಾಂಕ್‌ಫರ್ಟ್‌ಗೇ. ಇಮಿಗ್ರೇಷನ್, ಹೋಗಿಬರುವ ರೈಲು, ಮರಳಿ ಸೆಕ್ಯುರಿಟಿ ಎಂದು ನಾನು ಲೆಕ್ಕದಿಂದ ನಾಲ್ಕು ಗಂಟೆಯನ್ನು ಮೊದಲೇ ಕಳೆದುಬಿಡುತ್ತೇನೆ. ಉಳಿದದ್ದಷ್ಟೇ ನಮ್ಮದು. (ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಎರಡೂ ಕಡೆ ಹೊರಗೆ ಕಾಲಿಡಲು ಷೆಂಗೆನ್ ವೀಸಾ ಬೇಕು.)

ಊರು ಸೇರುವುದು ಎರಡೂ ಕಡೆ ಸುಲಭ. ಸ್ಕಿಪೋಲ್ ವಿಮಾನ ನಿಲ್ದಾಣದ ಅಡಿಯಲ್ಲೇ ರೈಲು. ಬ್ಯಾಂಕ್ ಕಾರ್ಡನ್ನೇ ತಾಗಿಸಿ ಹತ್ತಿದರೆ ಸುಮಾರು 15 ನಿಮಿಷಕ್ಕೆ ಆಮ್‌ಸ್ಟರ್‌ಡ್ಯಾಮಿನ ಮುಖ್ಯ ರೈಲು ನಿಲ್ದಾಣ ಸೆಂಟ್ರಾಲ್. ಇಳಿದ ಮೇಲೂ ಅದೇ ಕಾರ್ಡ್ ತಾಗಿಸಬೇಕು. ಫ್ರಾಂಕ್‌ಫರ್ಟ್‌ನಲ್ಲಿ ಎಸ್8, ಎಸ್9 ರೈಲುಗಳು ಹೆಚ್ಚುಕಮ್ಮಿ ಅಷ್ಟೇ ಹೊತ್ತಿಗೆ ಮುಖ್ಯ ನಿಲ್ದಾಣ ಮುಟ್ಟಿಸುತ್ತವೆ. ನಿಲ್ದಾಣದೆದುರಿನ ಬೀದಿಗಳಲ್ಲಿ ಮಾದಕ ವಸ್ತುಗಳ ಹಾವಳಿ ಇದೆ, ಒಬ್ಬರೇ ನಡೆಯಲು ಕಸಿವಿಸಿ. ಒಳಗಿಂದಲೇ ಯು4 ಅಥವಾ ಯು5 ಮೆಟ್ರೋ ಹಿಡಿದರೆ ಎರಡನೇ ಸ್ಟಾಪು ಡೋಮ್/ರೋಮರ್, ಅಂದರೆ ಹಳೇ ಊರು.

ವ್ಯತ್ಯಾಸ ಗೊತ್ತಾಗುವುದು ನಡೆಯತೊಡಗಿದ ಮೇಲೆ. ಹೆರೆನ್‌ಗ್ರಾಕ್ಟ್, ಕೈಜರ್ಸ್‌ಗ್ರಾಕ್ಟ್, ಪ್ರಿನ್ಸೆನ್‌ಗ್ರಾಕ್ಟ್ ಎಂಬ 17ನೇ ಶತಮಾನದ ಕಾಲುವೆಗಳು ಹಳೇ ಆಮ್‌ಸ್ಟರ್‌ಡ್ಯಾಮನ್ನು ಅರೆವೃತ್ತವಾಗಿ ಬಳಸಿವೆ. ದಂಡೆ ಹಿಡಿದು ನೆಟ್ಟಗೆ ಹೋಗುತ್ತಿದ್ದೇನೆ ಎಂದುಕೊಂಡಿರುತ್ತೀರಿ, ದಂಡೆ ಗೊತ್ತಾಗದಂತೆ ಬಾಗುತ್ತಿರುತ್ತದೆ. ಅರ್ಧ ಗಂಟೆ ಬಿಟ್ಟು ನೋಡಿದರೆ ದಿಕ್ಕೇ ಬೇರೆ. ಸೇತುವೆ, ದೋಣಿಮನೆ, ಬೀದಿಗೆ ವಾಲಿದ ಮನೆಗಳು, ಎಲ್ಲ ಒಂದೇ ಥರ. ಜೊತೆಗೊಬ್ಬರಿದ್ದರೆ "ಇಲ್ಲಿಗೆ ಆಗಲೇ ಬಂದಿದ್ದೆವಲ್ಲ" ಎನ್ನುತ್ತಾರೆ. ಒಬ್ಬರೇ ಇದ್ದರೆ ಫೋನೇ ಗತಿ. ಅದನ್ನು ನೋಡುತ್ತಾ ಸೈಕಲ್ ದಾರಿಗೆ ಕಾಲಿಟ್ಟರೆ ಬೆಲ್ಲಿನ ಬೈಗುಳ. ಹಾಗೆ ದಾರಿ ತಪ್ಪುವುದೇ ಅಲ್ಲಿನ ಸುಖ, ಸರಿ. ಅದಕ್ಕೆ ಗಡಿಯಾರ ಮರೆಯುವಷ್ಟು ಪುರುಸೊತ್ತು ಬೇಕು: ಹತ್ತು ಗಂಟೆಗೆ ಮೇಲ್ಪಟ್ಟ ಲೇಓವರ್.

ಫ್ರಾಂಕ್‌ಫರ್ಟ್‌ನಲ್ಲಿ ಕಳೆದುಹೋಗೋಣವೆಂದರೂ ಆಗದು. ಮೈನ್ ನದಿಯ ಒಂದು ದಡಕ್ಕೆ ರೋಮರ್‌ಬೆರ್ಗ್ ಚೌಕ, ಆಚೆ ದಡಕ್ಕೆ ಮ್ಯೂಸಿಯಮ್ಮುಗಳ ಸಾಲು, ನಡುವೆ ಐಸರ್ನರ್ ಸ್ಟೆಗ್ ಎಂಬ ಕಬ್ಬಿಣದ ಕಾಲುಸೇತುವೆ. ಬ್ಯಾಂಕುಗಳ ಗೋಪುರಗಳು ಕಂಡ ದಿಕ್ಕಿಗೇ ರೈಲು ನಿಲ್ದಾಣ. 1944ರ ಮಾರ್ಚ್ ಬಾಂಬ್ ದಾಳಿಯಲ್ಲಿ ಹಳೇ ಊರು ನೆಲಸಮವಾಗಿತ್ತು. ಚೌಕದ ಮರದ ಚೌಕಟ್ಟಿನ ಮನೆಗಳನ್ನು ಮತ್ತೆ ಕಟ್ಟಿದ್ದು 1980ರ ದಶಕದಲ್ಲಿ. ಪಕ್ಕದ ಓಣಿಗಳು ಮುಗಿದದ್ದು 2018ರಲ್ಲಿ. ನಕಲಿ ಎಂದು ಮೂಗು ಮುರಿಯುವವರಿದ್ದಾರೆ. ನನಗಂತೂ ಯಾವ ಮನೆ ಹಳೆಯ ನಕ್ಷೆಯದು, ಯಾವುದು ಈಚಿನವರ ಕಲ್ಪನೆಯದು ಎಂದು ಹುಡುಕುವುದರಲ್ಲೇ ಹೊತ್ತು ಹೋಯಿತು.

ವಾರ ಮಾತ್ರ ನೋಡಿಕೊಳ್ಳಿ. ಭಾನುವಾರ ಜರ್ಮನಿಯಲ್ಲಿ ಅಂಗಡಿಗಳಿಗೆ ಬೀಗ, ಸೋಮವಾರ ಫ್ರಾಂಕ್‌ಫರ್ಟ್‌ನ ಸ್ಟೇಡೆಲ್ ಕಲಾ ಮ್ಯೂಸಿಯಂಗೆ ರಜೆ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ ವರ್ಷವಿಡೀ ತೆರೆದಿರುತ್ತದೆ. ನಾತ್ಸಿಗಳಿಂದ ಅಡಗಿ ದಿನಚರಿ ಬರೆದ ಹುಡುಗಿ ಆನ್ ಫ್ರಾಂಕ್ ಇದ್ದ ಅಲ್ಲಿನ ಮನೆಯ ಆಸೆ ಲೇಓವರ್‌ನಲ್ಲಿ ಬೇಡ. ಟಿಕೆಟ್ ಆನ್‌ಲೈನಲ್ಲಿ ಮಾತ್ರ, ವಾರಗಳ ಮೊದಲೇ ಖಾಲಿ.

ಸಮಯ ಕಡಿಮೆಯಿದ್ದೂ ಆಮ್‌ಸ್ಟರ್‌ಡ್ಯಾಮೇ ಪಾಲಿಗೆ ಬಂದರೆ ಕಾಲುವೆಗಳ ಸಹವಾಸ ಬಿಟ್ಟು ಸೆಂಟ್ರಾಲ್ ಹಿಂಭಾಗಕ್ಕೆ ಹೋಗಿ. ಅಲ್ಲಿಂದ ಆಚೆ ದಡಕ್ಕೆ ಫೆರಿ ಓಡುತ್ತಲೇ ಇರುತ್ತದೆ, ಟಿಕೆಟ್ಟೇ ಇಲ್ಲ. ಮರಳಿ ಇಳಿದರೆ ಎದುರಿಗೇ ರೈಲು.